ಅಂಗೈ ಚಾಚಿದಳು ಗಂಗಾ

"ಆ ಬಾಗಲದಾಗ ಹಡದವರನ್ನ ಬಿಡೂದಿಲ್ಲವ್ವಾ. ಸುಮ್ಮ ಕುಂಡ್ರು."

ಹೀಗೆಂದವರು ನನ್ನ ಗಂಡನ ಕಾಕಾ ಶಿವಪುತ್ರಪ್ಪ. ಕಳೆದ ಶ್ರಾವಣದಲ್ಲಿ, ಗೋಕಾಕದ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸೆಯ ಕೋಣೆಯ ಮುಂದೆ. ಶರಣ ಬಂಧುಗಳೇ, ಆ ಬಾಗಿಲು ತೆರೆಯಿತು! ಅದನ್ನು ಹೇಳಲಿಕ್ಕೇ ಬರೆಯುತ್ತಿದ್ದೇನೆ.

ಹುಕ್ಕೇರಿಯಲ್ಲಿ ಬೀಗರ ಮನೆಯ ತೊಟ್ಟಿಲ ಕಾರ್ಯ ಮುಗಿಸಿ ನಾನು, ನನ್ನ ಗಂಡ, ಕಾಕಾ ಬಸ್ಸಿನಲ್ಲಿ ನಮ್ಮೂರು ತುಕ್ಕಾನಟ್ಟಿಗೆ ಮರಳುತ್ತಿದ್ದೆವು. ಐದು ವರ್ಷದ ಮಗಳು ಗಂಗಾಗೆ ಬೆಳಗಿನಿಂದ ವಾಂತಿ-ಭೇದಿ. ಗೋಕಾಕ ಬರುವಷ್ಟರಲ್ಲಿ ಕಣ್ಣು ಒಳಗೆ ಹೋಗಿದ್ದವು, ಕರೆದರೆ ಓ ಅನ್ನಲಿಲ್ಲ. ಬಸ್ ಸ್ಟ್ಯಾಂಡಿನಲ್ಲೇ ಇಳಿದು ಆಟೋ ಹಿಡಿದು ಓಡಿದೆವು. ಕೂಸನ್ನು ಒಳಗೆ ಒಯ್ದರು, ನಮ್ಮನ್ನು ಹೊರಗೆ ನಿಲ್ಲಿಸಿದರು.

ನಮ್ಮ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ತವರೂರು ಮೇಲವಂಕಿಯಿಂದ ದಿನಾ ಬಸ್ಸಿಗೆ ಜೋತು ಬಿದ್ದು ಇದೇ ಗೋಕಾಕಕ್ಕೆ ಬಂದು ಬಿ.ಎಸ್ಸಿ. ಮುಗಿಸಿದವಳು, ಯಾರಿಗೂ ಹೆದರಿದವಳಲ್ಲ. ಅಂದು ಆ ಬಾಗಿಲಿಗೆ ಹೆದರಿದೆ. ಒಳಗಿನಿಂದ "ಅವ್ವಾ" ಎಂಬ ಸಣ್ಣ ಕೂಗು. ಕೊರಳಿನ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು, "ತಂದೆ, ನನ್ನನ್ನು ಅವಳ ಹತ್ತಿರ ನಿಲ್ಲಿಸು" ಎಂದಷ್ಟೇ ಬೇಡಿದೆ.

ಬಾಗಿಲು ತೆರೆದು ಡಾಕ್ಟರಮ್ಮ ಬಂದರು. "ಅವ್ವ-ಅಪ್ಪ ಯಾರ್ರಿ? ಇಬ್ರೂ ಒಳಗ ಬರ್ರಿ. ಮೈಯಾಗಿನ ನೀರು ಆರಿ ನರ ಸಿಗವಲ್ದು. ಸೂಜಿ ತಾಕಿದ್ರ ಕೈ ಜಗ್ಗಾಕತ್ತಾಳ."

ಹೋದೆವು. "ಕೈ ಸಡಿಲ ಬಿಡವ್ವಾ" ಎಂದು ಮಗಳಿಗೆ ಹೇಳಿದೆ. ಕೇಳಲಿಲ್ಲ. ಅಷ್ಟರಲ್ಲಿ ನನ್ನ ಗಂಡ ನನ್ನ ಅಂಗೈ ನೋಡಿದರು. ಲಿಂಗ ಇನ್ನೂ ಅಲ್ಲೇ ಇತ್ತು. ದಿನಾ ಮುಂಜಾನೆ ನನ್ನ ಲಿಂಗಪೂಜೆ ಮುಗಿಯುವುದನ್ನೇ ಕಾಯುವವಳು ಗಂಗಾ. ಪ್ರಸಾದದ ಕಲ್ಲುಸಕ್ಕರೆಗೆ ಅಂಗೈ ಚಾಚಿ ಕಲ್ಲಿನಂತೆ ಕೂಡುತ್ತಾಳೆ. ಅಲುಗಿದರೆ ಪ್ರಸಾದ ನೆಲಕ್ಕೆ ಬೀಳುತ್ತದೆ ಎಂದು ನಾನೇ ಕಲಿಸಿದ್ದು.

"ಗಂಗಾ, ಅವ್ವನ ಪೂಜಿ ಆತು. ಪ್ರಸಾದಕ್ಕ ಕೈ ಚಾಚು," ಎಂದರು ಅವರು.

ಕಣ್ಣು ತೆರೆಯದೆಯೇ ಅಂಗೈ ಚಾಚಿದಳು! ಅಲುಗಲಿಲ್ಲ! ಮೊಣಕೈ ಮಡಿಕೆಯಲ್ಲಿ ನರ ಸಿಕ್ಕಿತು, ಸಲೈನ್ ಹನಿಯತೊಡಗಿತು. "ನಿಮ್ಮನ್ನ ಮೊದಲ ಕರೀಬೇಕಿತ್ರಿ," ಎಂದು ಡಾಕ್ಟರಮ್ಮ ನಕ್ಕರು. ಸಂಜೆಗೆ ಕಣ್ಣು ತೆರೆದ ಮಗಳು ಆಡಿದ ಮೊದಲ ಮಾತು: "ಅವ್ವಾ, ಕಲ್ಲಸಕ್ರಿ ಎಲ್ಲೈತಿ?"

ಅವಳ ಹತ್ತಿರ ನಿಲ್ಲುವುದನ್ನಷ್ಟೇ ಬೇಡಿದ್ದೆ, ತಂದೆ ಅವಳನ್ನೇ ಕೊಟ್ಟ. ಅಂದಿನಿಂದ ಪೂಜೆಗೆ ಕುಳಿತಾಗ ನನ್ನ ಮನಸ್ಸು ಅತ್ತಿತ್ತ ಓಡಿಲ್ಲ.

ಗಂಗಾ ಪೂರ್ತಿ ಚೇತರಿಸಿಕೊಂಡ ಮೇಲೆ, ಶಾಲೆಗೆ ಹೋಗಬಹುದೆಂಬ ಡಾಕ್ಟರ ಸರ್ಟಿಫಿಕೇಟನ್ನು ಮೂಡಲಗಿಯ ಶಾಲೆಯಲ್ಲಿ ಅವಳ ಟೀಚರ ಕೈಗಿಟ್ಟೆ. ಕಾಕಾ ಬಾಜೂದಲ್ಲೇ ನಿಂತಿದ್ದರು. "ಆ ಬಾಗಲದ ಮುಂದ ಆಡಿದ ನನ್ನ ಮಾತು ಸುಳ್ಳ ಮಾಡಿದ್ರಲ್ಲವ್ವಾ ನೀವಿಬ್ರೂ, ಅವ್ವ-ಮಗಳು," ಎಂದು ಟವೆಲಿನಿಂದ ಕಣ್ಣೊರೆಸಿಕೊಂಡರು. "ಇಂಥಾವು ನನ್ನ ಮಾತು ಎಲ್ಲಾ ಸುಳ್ಳಾಗ್ಲಿ ತಗೋ."