ಚಿಕ್ಕವನು ಕತ್ತರಿ ಕೆಳಗಿಟ್ಟಿದ್ದು

ಇಲ್ಲ ಪುಟ್ಟಿ, ಅಜ್ಜಿ ಹೇಳ್ದೆ ಇರೋದನ್ನ ಬರೀಬೇಡ, ಹೊಡೆದು ಹಾಕು. ನಿನ್ನ ಚಿಕ್ಕ ಮಾವ ಅರ್ಧ ಸಿಪಾಯಿ ಅಂತ ನಾನೆಲ್ಲಿ ಹೇಳ್ದೆ? ಹಾಗನ್ನೋನು ನಿನ್ನ ದೊಡ್ಡ ಮಾವ. ಅವನು ಪೂರ್ತಿ ಸೈನ್ಯದವನು; ಊಟ, ನಿದ್ದೆ, ಜಗಳ ಎಲ್ಲಾ ಅಲ್ಲೇ. ಚಿಕ್ಕವನದು ಮೀಸಲು ಪಡೆ. ಆಗೊಂದು ಈಗೊಂದು ಭಾನುವಾರ ಕವಾಯತು, ಉಳಿದ ದಿನವೆಲ್ಲಾ ಕಟಿಂಗ್ ಶಾಪು.

"ಏನೋ ಭಾನುವಾರದ ಸಿಪಾಯಿ, ಶತ್ರು ಸೋಮವಾರ ಬಂದ್ರೆ ಏನ್ಮಾಡ್ತೀಯ?" ಅಂತ ದೊಡ್ಡವನು ರೇಗಿಸೋನು.

"ಕೂರಿಸಿ ಗಡ್ಡ ಬೋಳಿಸ್ತೀನಿ ಬಿಡಣ್ಣ" ಅನ್ನೋನು ಇವನು. ನಾನು ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ. ಆ ಕಿಟಕಿ ಸ್ವಲ್ಪ ಮುಚ್ಚು, ಗಾಳಿ.

ಯುದ್ಧ ಬಂತು, ಮೀಸಲಿನವರನ್ನೂ ಕರೆದ್ರು. ಬ್ಯಾಂಕಿನ ಗುಮಾಸ್ತ, ಬಸ್ ಕಂಡಕ್ಟರ್, ಡ್ರಾಯಿಂಗ್ ಮೇಷ್ಟ್ರು, ಎಲ್ಲಾ ಸುತ್ತಮುತ್ತಲ ಬೀದಿಯವರೇ. ಹೊರಡೋ ಬೆಳಿಗ್ಗೆ ಅವರಿಗೆಲ್ಲಾ ಇವನೇ ಕಟಿಂಗ್ ಮಾಡಿದ. ವಾಪಸ್ ಬಂದವರು ಕಮ್ಮಿ ಪುಟ್ಟಿ.

ದೊಡ್ಡವನ ಜೊತೆಯವರೂ ತೀರಿಹೋದ್ರು, ಇಲ್ಲ ಅನ್ನಲ್ಲ. ಆದ್ರೆ ಅವನಿಗೆ ಬ್ಯಾರಕ್ ಇದೆ, ಒಟ್ಟಿಗೆ ಕೂತು ಅಳೋಕೆ ಜನ ಇದ್ದಾರೆ. ಚಿಕ್ಕವನು ಊರಿಗೆ ಬಂದು ಯೂನಿಫಾರಂ ಬಿಚ್ಚಿಟ್ಟ, ಮಾರನೇ ದಿನವೇ ಅಂಗಡಿ ತೆಗೆದ. ಬಂದ ಗಿರಾಕಿ, "ಎಲ್ಲಪ್ಪಾ, ಕಾಣ್ಲೇ ಇಲ್ಲ! ಪ್ರವಾಸ ಹೋಗಿದ್ಯಾ?" ಅಂದನಂತೆ. ಇವನು ಹೂಂ ಅಂದನಂತೆ.

ಹೋದ ವಾರ ದೊಡ್ಡವನು ರಜಕ್ಕೆ ಬಂದಿದ್ನಲ್ಲ. ಮತ್ತೆ ಗಡಿಗೆ ಹೊರಡೋ ಮುಂಚೆ ಅಂಗಡಿಗೆ ಹೋಗಿ ಕುರ್ಚೀಲಿ ಕೂತ. ನಾನು ಬೆಂಚಿನ ಮೇಲಿದ್ದೆ. ಚಿಕ್ಕವನು ಬಟ್ಟೆ ಹೊದಿಸಿದ, ಕತ್ತಿನ ಹಿಂದೆ ನೀರು ಚಿಮುಕಿಸಿದ, ಅಲ್ಲೇ ಬೆರಳಿಟ್ಟುಕೊಂಡು ನಿಂತುಬಿಟ್ಟ.

"ಬೇಗ ಮಾಡೋ, ಬಸ್ಸಿದೆ."

"ನಿನಗೆ ಬೇಡಣ್ಣ."

"ಯಾಕೋ?"

"ಅವರಿಗೆಲ್ಲಾ ನಾನೇ ಮಾಡಿದ್ದು. ಬರ್ಲಿಲ್ಲ."

"ನಮ್ಮ ಕಡೆ ಬೇರೆಯವನು ಮಾಡಿದ್ದ. ಅವರೂ ಬರ್ಲಿಲ್ಲ ಕಣೋ" ಅಂದ ದೊಡ್ಡವನು ಮೆಲ್ಲಗೆ. ಇವನು ಕತ್ತರಿ ಕೆಳಗಿಟ್ಟ. ಅವನು ಕನ್ನಡೀಲೇ ತಮ್ಮನ ಮುಖ ನೋಡಿ, ಎದ್ದು, ಒದ್ದೆ ಕತ್ತಿನಲ್ಲೇ ಬಸ್ ಹತ್ತಿದ.

ಅವತ್ತಿಂದ ಶಟರ್ ಮೇಲೆದ್ದಿಲ್ಲ. ಒಳಗೆ ಒಬ್ಬನೇ ಕೂತಿರ್ತಾನೆ.

ಬರೆದಿದ್ದು ಸಾಕು, ಏಳು. ಹೋಗಿ ಶಟರ್ ತಟ್ಟು. ಜೋರಾಗಿ ತಟ್ಟು, ಕೇಳಿಸದ ಹಾಗೆ ಇರ್ತಾನೆ. ಅಜ್ಜಿ ಕೂದಲು ಗಂಟುಗಂಟಾಗಿದೆ, ಬಾಚಣಿಗೆ ಇಳೀತಿಲ್ಲ, ನೀನೇ ಕತ್ತರಿಸ್ಬೇಕಂತೆ ಅನ್ನು. ಅವಳು ಯಾವ ಯುದ್ಧಕ್ಕೂ ಹೋಗೋಳಲ್ಲ, ಕುರ್ಚಿಯಿಂದ ಎದ್ದು ಮನೆಗೇ ಬರ್ತಾಳೆ ಅನ್ನು.