ನೂಲಿನ ಧೂಳಿನ ಮೇಲೆ ಹಾಕಿದ ತಪ್ಪು

ನಮ್ಮ ಮನೆತನದಲ್ಲಿ ಮಗ್ಗ ಬಿಟ್ಟು ಬೇರೆ ಯಂತ್ರ ಬಲ್ಲವನೆಂದರೆ ದೊಡ್ಡಪ್ಪನ ಮಗ, ನಮ್ಮಣ್ಣನೊಬ್ಬನೇ. ಹೈಸ್ಕೂಲು ಮುಗಿಯುವ ತನಕ ಗಜೇಂದ್ರಗಡದ ನಮ್ಮ ಮನೆಯಲ್ಲೇ ಇದ್ದು, ಅವ್ವನ ಕೈಯ ರೊಟ್ಟಿ ತಿಂದು ಬೆಳೆದವನು. ಆಮೇಲೆ ರೋಣದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟ. ನಮಗೊಂದು ಹಳೆಯ ಕಂಪ್ಯೂಟರ್ ತಂದುಕೊಟ್ಟವನೂ ಅವನೇ, ಅದರಲ್ಲಿ ಕಾರ್ ರೇಸಿನ ಗೇಮ್ ಹಾಕಿ ನನಗೆ ಹುಚ್ಚು ಹಿಡಿಸಿದವನೂ ಅವನೇ. ಅವನ ಮಾತೆಂದರೆ ನನಗೆ ವೇದವಾಕ್ಯ.

ಗೇಮ್ ಮಾತ್ರ ಕುಂಟುತ್ತಿತ್ತು. "ಹೊಸಾ ಗ್ರಾಫಿಕ್ಸ್ ಕಾರ್ಡ್ ಹಾಕ್ಸು, ಕುದರಿ ಓಡಿದಂಗ ಓಡತೈತಿ" ಎಂದ. ಅವನ ಕೈಯಲ್ಲೇ ಹಾಕಿಸಿದೆ. ಚಿತ್ರವೇನೋ ಫಳಫಳ ಹೊಳೆಯಿತು. ಆದರೆ ತಿರುವಿನಲ್ಲಿ ಏಳೆಂಟು ಕಾರು ಒಟ್ಟಿಗೆ ಬಂದವೋ, ಮತ್ತೆ ಅದೇ ಜಗ್ಗಾಟ. ಅಣ್ಣ ಬಂದು ಡಬ್ಬಿ ಬಿಚ್ಚಿದ, ಒಳಗೆ ಬೆರಳಾಡಿಸಿ ಬಿಳಿ ಧೂಳು ತೋರಿಸಿದ.

"ನೋಡು, ನೂಲಿನ ಧೂಳು. ಬಾಜೂಕ ರಾಟಿ ತಿರಗತಿದ್ರ ಕಾರ್ಡರ ಏನ್ ಮಾಡೀತು?"

ಕಂಪ್ಯೂಟರ್ ಇಟ್ಟ ಕೋಣೆಯಲ್ಲೇ ಅಪ್ಪ ಸೀರೆ ನೇಯುತ್ತಿದ್ದ, ಪಕ್ಕದಲ್ಲಿ ಅವ್ವ ರಾಟಿಯಲ್ಲಿ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತಿ ಅವನಿಗೆ ಕೊಡುತ್ತಿದ್ದಳು. ಮಗ್ಗ ಕುಣಿಯಲ್ಲಿ ಹೂತದ್ದು, ಅಲುಗಿಸಲಾಗದು. ರಾಟಿಯನ್ನು ಎತ್ತಬಹುದಲ್ಲ! ಅವ್ವ ತಾನೇ ಎತ್ತಿಕೊಂಡು ಹೊರಗಿನ ತಗಡಿನ ಚಪ್ಪರದ ಕೆಳಗೆ ಕೂತಳು. ಬೇಸಿಗೆ. ತಗಡು ಕಾದರೆ ಕೆಳಗೆ ನಾಯಿಯೂ ಮಲಗುತ್ತಿರಲಿಲ್ಲ. ಗಾಳಿಗೆ ಎಳೆ ಹರಿದು, ಅವ್ವ ಮತ್ತೆ ಮತ್ತೆ ಗಂಟು ಹಾಕುತ್ತಿದ್ದಳು.

ಗೇಮ್ ಸುಧಾರಿಸಲಿಲ್ಲ. ಸಿಟ್ಟಿಗೆದ್ದು ಒಂದು ದಿನ ಚಿತ್ರದ ಗಾತ್ರವನ್ನು ಅರ್ಧಕ್ಕಿಳಿಸಿದೆ. ಕಾರ್ಡಿನ ಹೊರೆ ಇಳಿದರೆ ಓಟ ಹಗುರಾಗಬೇಕಲ್ಲ? ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಹಾಗಾದರೆ ದಣಿದದ್ದು ಕಾರ್ಡಲ್ಲ! ಅದಕ್ಕೆ ಕೆಲಸ ಒದಗಿಸಬೇಕಾದ ಹಳೆಯ ಪ್ರೊಸೆಸರೇ ಹಿಂದೆ ಬಿದ್ದಿತ್ತು. ಕಂಡಿಕೆ ಬಾರದಿದ್ದರೆ ಎಂಥ ನೇಕಾರನೂ ಕೈಕಟ್ಟಿ ಕೂರಬೇಕು. ಖಾತ್ರಿ ಮಾಡಿಕೊಳ್ಳಲು ಕಾರ್ಡನ್ನು ಧೂಳೂ ಒರೆಸದೆ ನರಗುಂದದ ಗೆಳೆಯನ ಮನೆಗೆ ಒಯ್ದೆ. ಅವನ ಹೊಸ ಕಂಪ್ಯೂಟರಿನಲ್ಲಿ ಅದೇ ಗೇಮು, ಅದೇ ತಿರುವು, ಅಷ್ಟೂ ಕಾರು ಎಣ್ಣೆ ಹಚ್ಚಿದಂತೆ ಜಾರಿದವು.

ಅಲ್ಲಿಂದ ನೇರ ರೋಣದ ಬಸ್ಸು ಹತ್ತಿದೆ. ಅಣ್ಣನಿಗೆ ಗೊತ್ತಿರಲಿಕ್ಕಿಲ್ಲ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

"ಅಣ್ಣಾ, ತಪ್ಪು ಪ್ರೊಸೆಸರ್‌ದಂತ ನಿನಗ ಮೊದಲ ಗೊತ್ತಿತ್ತೇನು?"

"ಗೊತ್ತಿರದ ಏನು? ಹೇಳಿದ್ರ, ಹಂಗಾರ ಕಾರ್ಡ್ ಯಾಕ ಹಾಕ್ಸಿದಿ ಅಂತ ನನ್ನ ಮ್ಯಾಲ ಬರತಿದ್ದಿ."

"ಅದಕ್ಕ ಅವ್ವನ ರಾಟಿ ಮ್ಯಾಲ ಹಾಕಿದೇನು?"

ಅವನು ಸ್ಕ್ರೂ ತಿರುಗಿಸುವುದನ್ನೂ ನಿಲ್ಲಿಸಲಿಲ್ಲ. "ಚಿಗವ್ವ ಏನೂ ಅನ್ನೂದಿಲ್ಲಲ್ಲೋ."

ಉಂಡ ಮನೆಗೆ ಎರಡು ಬಗೆಯುವುದೆಂದರೆ ಇದೇ. ನನಗೆ ಸುಳ್ಳು ಹೇಳಿದ್ದಷ್ಟೇ ಆಗಿದ್ದರೆ ಬಾಯಿಗೆ ಬಂದಂತೆ ಬೈದು, ನಾಲ್ಕು ದಿನ ಮಾತು ಬಿಟ್ಟು ಮರೆಯುತ್ತಿದ್ದೆನೇನೋ. ತಪ್ಪು ಹೊರಿಸಲು ಎದುರಾಡದವಳನ್ನೇ ನೋಡಿ ಆರಿಸಿಕೊಂಡಿದ್ದ. ಇಂದಿಗೂ ಅವನ ಮುಖ ಕಂಡರೆ ನನಗೆ ಮೈ ಉರಿಯುತ್ತದೆ.

ಊರಿಗೆ ಬಂದಾಗ ಅವ್ವ ತಗಡಿನ ಕೆಳಗೇ ಇದ್ದಳು. "ಅವ್ವಾ, ಧೂಳಿಂದ ಏನೂ ಆಗಿರಲಿಲ್ಲ. ಮಷೀನ್ ಹಳೇದು, ಅಷ್ಟ" ಎಂದೆ. ಯಾರು, ಏನು, ಯಾಕೆ, ಒಂದನ್ನೂ ಕೇಳಲಿಲ್ಲ. ಸೆರಗಿನಿಂದ ಬೆವರು ಒರೆಸಿಕೊಂಡು ನನ್ನ ಮುಖ ನೋಡಿದಳು.

"ಹಂಗಾರ ನಾ ಒಳಗ ಬರಲೇನು?"