ನನ್ನ ಬೆನ್ನ ಮೇಲೆ ಹಾಕಿದ ಸಹಿ

ಸೌದಿ ಅರೇಬಿಯಾದ ಅಭಾ ಎಂಬ ಊರಿನ ಆಸ್ಪತ್ರೆಯೊಂದರಲ್ಲಿ ನಾನು ಎಕ್ಸ್‌ರೇ ತೆಗೆಯುವ ಕೆಲಸಕ್ಕಿದ್ದೆ. ನನಗೊಂದು ಹುಚ್ಚಿತ್ತು. ನಮ್ಮ ಬಾಲ್ಯದಲ್ಲಿ ಬಬಲ್‌ಗಮ್ ಪೊಟ್ಟಣದೊಳಗೆ ಬರುತ್ತಿದ್ದ ಕ್ರಿಕೆಟ್ ಆಟಗಾರರ ಕಾರ್ಡುಗಳನ್ನು ಕೂಡಿಸುವುದು. ಎಲ್ಲರದ್ದೂ ಅಲ್ಲ, ನಮ್ಮ ಕರಾವಳಿಯ ನಂಟಿರುವವರದ್ದು ಮಾತ್ರ. ಒಬ್ಬ ಮಂಗಳೂರಿನ ಕಾಲೇಜಿನಲ್ಲಿ ಓದಿದವನು, ಇನ್ನೊಬ್ಬನ ಹೆಂಡತಿ ಕಾರ್ಕಳದವಳು. ಅಷ್ಟು ನಂಟು ಸಾಕಿತ್ತು ನನಗೆ. ಹನ್ನೊಂದು ಕಾರ್ಡುಗಳನ್ನು ಎಕ್ಸ್‌ರೇ ಫಿಲ್ಮಿನ ಹಳೆಯ ಲಕೋಟೆಯಲ್ಲಿ ಇಟ್ಟುಕೊಂಡಿದ್ದೆ.

ಅವುಗಳಲ್ಲಿ ಒಂದರ ಮೇಲೆ ಸಹಿಯಿತ್ತು. ಆ ಬೌಲರ್‌ನ ಅಜ್ಜಿಮನೆ ನಮ್ಮ ಕುಂದಾಪುರದಲ್ಲಿ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅವರು ನಮ್ಮ ಶಾಲೆಯ ಮೈದಾನಕ್ಕೆ ಬಂದಿದ್ದರು. ಕುಡಿಯಲು ನೀರು ತಂದುಕೊಟ್ಟವನು ನಾನು. ಕಾರ್ಡು ಚಾಚಿದಾಗ ಇಟ್ಟು ಬರೆಯಲು ಮೇಜಿರಲಿಲ್ಲ. "ತಿರುಗು" ಎಂದು ನನ್ನ ಬೆನ್ನ ಮೇಲೇ ಇಟ್ಟು ಸಹಿ ಹಾಕಿದರು. ಪೆನ್ನಿನ ಮೊನೆ ಓಡಿದ್ದು ಅಂಗಿಯ ಮೇಲಿಂದಲೂ ತಿಳಿಯುತ್ತಿತ್ತು.

ಈ ಕಥೆಯನ್ನು ನಾನು ಹೇಳಿದ್ದು ನಮ್ಮ ಆಸ್ಪತ್ರೆಯ ಫಾರ್ಮಸಿಸ್ಟ್‌ಗೆ. ಉಡುಪಿ ಕಡೆಯವರು, ನನಗಿಂತ ಹತ್ತು ವರ್ಷ ಹಿರಿಯರು, ಅಣ್ಣ ಎನ್ನುತ್ತಿದ್ದೆ. ಅವರಿಗೂ ಇದೇ ಹುಚ್ಚು. ಶುಕ್ರವಾರ ಅವರ ರೂಮಿನಲ್ಲಿ ಮೀನು ಸಾರು ಉಂಡು, ಕಾರ್ಡು ಹರಡಿಕೊಂಡು ಕೂರುತ್ತಿದ್ದೆವು. ನಾನು ರಜೆಗೆ ಊರಿಗೆ ಹೊರಟಾಗ, "ಒಂದು ಒಳ್ಳೆ ಫೋಟೋ ತೆಗೆದಿಡ್ತೇನೆ ಮಾರಾಯ" ಎಂದು ಸಹಿಯ ಕಾರ್ಡನ್ನು ಇಸಿದುಕೊಂಡರು. ಮರಳಿ ಬಂದು ಕೇಳಿದರೆ, "ಎಂತ, ಅಂದೇ ಕೊಟ್ಟೆನಲ್ಲ! ನಿನ್ನ ಬ್ಯಾಗಿನಲ್ಲೇ ಉಂಟು, ನೋಡು" ಎಂದರು. ನಾನು ಪೆದ್ದನಂತೆ ಎರಡು ದಿನ ಬ್ಯಾಗು ತಡಕಾಡಿದೆ.

ಕೆಲವು ತಿಂಗಳ ಮೇಲೆ, ಕಾರ್ಡು ಕೂಡಿಸುವವರ ಆನ್‌ಲೈನ್ ಗುಂಪೊಂದರಲ್ಲಿ ಅದರ ಫೋಟೋ ಕಂಡಿತು. ಹಾಕಿದವರು ಅಣ್ಣ. ಹುಡುಗನಾಗಿದ್ದಾಗ ಈ ಆಟಗಾರನಿಗೆ ನೀರು ಕೊಟ್ಟೆ, ನನ್ನ ಬೆನ್ನನ್ನೇ ಮೇಜು ಮಾಡಿಕೊಂಡು ಸಹಿ ಹಾಕಿದರು ಎಂದು ಕೆಳಗೆ ಬರೆದಿದ್ದರು. ಬರೀ ಕಾರ್ಡನ್ನು ಕದ್ದಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆನೇನೋ. ನನ್ನ ಬೆನ್ನನ್ನೂ ಕದ್ದಿದ್ದರು.

ನಾನು ಜಗಳವಾಡಲಿಲ್ಲ. ಶುಕ್ರವಾರದ ಊಟವನ್ನೂ ಬಿಡಲಿಲ್ಲ. ಅಣ್ಣ ಎಷ್ಟೋ ವರ್ಷಗಳಿಂದ ಒಂದು ಕಾರ್ಡಿಗಾಗಿ ಹುಡುಕುತ್ತಿದ್ದರು. ಅವರದೇ ಬೀದಿಯಲ್ಲಿ ಹುಟ್ಟಿದ, ದೇಶಕ್ಕಾಗಿ ಎರಡೇ ಪಂದ್ಯ ಆಡಿದ ವಿಕೆಟ್‌ಕೀಪರನ ಕಾರ್ಡು ಅದು. ಮುಂದಿನ ರಜೆಯಲ್ಲಿ ಹನ್ನೆರಡು ದಿನ ನಾನು ಅದಕ್ಕೇ ಅಲೆದೆ. ಹೆಂಡತಿ ಮುನಿಸಿಕೊಂಡಳು. ಹಳೆಯ ಅಂಗಡಿ, ಗುಜರಿ ಎಲ್ಲ ಮುಗಿದು, ಕೊನೆಗೆ ಬ್ರಹ್ಮಾವರದ ನಿವೃತ್ತ ಪಿ.ಟಿ. ಮಾಸ್ತರರೊಬ್ಬರ ಆಲ್ಬಮ್ಮಿನಲ್ಲಿ ಸಿಕ್ಕಿತು. ಬದಲಿಗೆ ನನ್ನ ಐದು ಕಾರ್ಡು ಬಿಟ್ಟುಕೊಟ್ಟೆ.

ಅಭಾಕ್ಕೆ ಮರಳಿದ ದಿನವೇ ಅದನ್ನು ಎಕ್ಸ್‌ರೇ ನೋಡುವ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ, ಅಣ್ಣನನ್ನು ಚಹಾಕ್ಕೆ ಕರೆದೆ. ಅವರು ಬಾಗಿಲಲ್ಲೇ ನಿಂತುಬಿಟ್ಟರು.

"ಇದು ಎಲ್ಲಿ ಸಿಕ್ಕಿತು ಮಾರಾಯ?"

"ಊರಲ್ಲಿ."

"ನನಗೆ ಬೇಕು. ಎಂತ ಬೇಕಾದ್ರೂ ಕೇಳು."

"ನನ್ನ ಸಹಿಯ ಕಾರ್ಡು ಎಲ್ಲಿ ಉಂಟು ಅಣ್ಣ?"

ಅವರು ಚಹಾ ಮುಟ್ಟದೆ ಹೋದರು. ಮರುದಿನ ಮಾತ್ರೆ ಹಾಕಿ ಕೊಡುವ ಕವರಿನಲ್ಲಿ ನನ್ನ ಕಾರ್ಡು ತಂದುಕೊಟ್ಟರು. ಗುಂಪಿನಲ್ಲಿ ಆ ಬರಹವನ್ನು ಅಳಿಸಿ, ಅದು ನನ್ನ ಕಥೆಯಲ್ಲ, ಗೆಳೆಯನದು ಎಂದು ಬರೆದಿದ್ದರು. ಅದನ್ನೂ ಫೋನಿನಲ್ಲಿ ತೋರಿಸಿದರು. ಆಮೇಲೆ ಕೈ ಚಾಚಿದರು.

"ಎಂತ?" ಎಂದೆ.

"ಅದನ್ನು ಕೊಡ್ತೇನೆ ಅಂದಿದ್ದಿಯಲ್ಲ."

"ನಾನು ಯಾವಾಗ ಅಂದೆ? ನನ್ನದು ಎಲ್ಲಿ ಉಂಟು ಅಂತ ಕೇಳಿದ್ದು, ಅಷ್ಟೇ."

ಈ ಮಾತನ್ನು ನಾನು ವಿಮಾನದಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ.

ಮುಂದಿನ ವರ್ಷ ಅವರ ಕೆಲಸ ಮುಗಿದು, ಅಲ್ಲಿ ಇರಲು ಬೇಕಾದ ಪರವಾನಗಿ ಇಕಾಮಾವನ್ನು ರದ್ದು ಮಾಡಿಸಿಕೊಂಡು ಊರಿಗೆ ಹೊರಟರು. ಹೊರಡುವ ದಿನ ಬೆಳಿಗ್ಗೆ ನನ್ನ ಕೋಣೆಗೆ ಬಂದರು. "ಕೊಡುವುದು ಬೇಡ. ಒಮ್ಮೆ ಕೈಯಲ್ಲಿ ಹಿಡಿದು ನೋಡ್ತೇನೆ. ಅವನೂ ನಾನೂ ಒಟ್ಟಿಗೆ ಆಡಿ ಬೆಳೆದವರು" ಎಂದರು. ಕಾರ್ಡು ನನ್ನ ಮೊಣಕೈ ಕೆಳಗಿನ ಡ್ರಾಯರಿನಲ್ಲೇ ಇತ್ತು.

"ಮನೆಗೆ ಕಳಿಸಿಬಿಟ್ಟೆ ಅಣ್ಣ."

ಅವರು ಡ್ರಾಯರನ್ನು ನೋಡಿದರು, ನನ್ನನ್ನು ನೋಡಿದರು. "ಆಯ್ತು ಮಾರಾಯ" ಎಂದು ಹೊರಟುಹೋದರು.

ಪಾಪ ಅನ್ನಿಸಲಿಲ್ಲವಾ ಎಂದು ಹೆಂಡತಿ ಈಗಲೂ ಕೇಳುತ್ತಾಳೆ. ಅಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಾನು ಎರಡು ತಟ್ಟೆ ಕೋಳಿ ಕಬ್ಸಾ ಅನ್ನ ತಿಂದೆ. ಅಷ್ಟು ಹಸಿವು ನನಗೆ ಆ ಊರಿನಲ್ಲಿ ಮತ್ತೆಂದೂ ಆಗಲಿಲ್ಲ.